ಕೂಡಿಸುವ ಲೆಕ್ಕ ಸಿಲಬಸ್‌ನಲ್ಲಿಲ್ಲ

ದಾವಣಗೆರೆಯಲ್ಲಿ ಗಾಳಿ ಅಳೆಯುತ್ತಾರೆ. ನೀರು ಅಳೆಯುತ್ತಾರೆ. ರಕ್ತ ಅಳೆಯುತ್ತಾರೆ. ದಮ್ಮಿನವರ ಬಾಯಿಗೆ ಕೊಳವೆ ಕೊಟ್ಟು ಊದಿಸಿ ಉಸಿರನ್ನೂ ಅಳೆಯುತ್ತಾರೆ. ಅಳೆಯುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಅಳೆದದ್ದನ್ನು ಪಕ್ಕಪಕ್ಕ ಇಟ್ಟು ನೋಡಿ ಎಂದರೆ ಮಾತ್ರ ಎಲ್ಲರಿಗೂ ಮೀಟಿಂಗ್ ಇರುತ್ತದೆ.

ಗಾಳಿಯ ಲೆಕ್ಕ ಮಾಲಿನ್ಯ ನಿಯಂತ್ರಣ ಮಂಡಳಿಯದು. ಕೆಮ್ಮಿನ ಲೆಕ್ಕ ಆರೋಗ್ಯ ಇಲಾಖೆಯದು. ಸಾವಿನ ಲೆಕ್ಕ ಪಾಲಿಕೆಯದು. ಕುಡಿಯುವ ನೀರಿನ ಲೆಕ್ಕ ಇನ್ನೊಬ್ಬರದು. ಮಂಡಕ್ಕಿ ಒಂದು ಅಂಗಡಿಯಲ್ಲಿ, ಖಾರ ಇನ್ನೊಂದರಲ್ಲಿ, ಈರುಳ್ಳಿ ಮೂರನೆಯದರಲ್ಲಿ. ಕಲಸಿ ಕೊಡುವವನು ರಜೆಯಲ್ಲಿದ್ದಾನೆ. ಆ ಹುದ್ದೆ ಮಂಜೂರಾಗಿದೆಯೋ ಇಲ್ಲವೋ ಎಂಬುದಕ್ಕೂ ಒಂದು ಕಡತ ಇರಬೇಕು.

2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಘೋಷಿಸಿತು. ವರ್ಷಗಟ್ಟಲೆ ಗಾಳಿಯ ಪರೀಕ್ಷೆಯಲ್ಲಿ ಫೇಲಾದ ನಗರಗಳ ಪಟ್ಟಿ ಮಾಡಿತು. ಕರ್ನಾಟಕದಿಂದ ನಾಲ್ಕೇ ಹೆಸರು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆ. ಬೆಣ್ಣೆ ದೋಸೆಯಿಂದ ಬಂದ ಕೀರ್ತಿಗೆ ಇದೂ ಸೇರಿತು. ಅದಕ್ಕೂ ಮೂರು ವರ್ಷ ಮೊದಲೇ, 2016ರ ಜನವರಿಯಲ್ಲಿ, ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲೂ ನಾವಿದ್ದೆವು. ಜಾಣ ನಗರವೂ ನಾವೇ, ಉಸಿರಾಡಲಾಗದ ನಗರವೂ ನಾವೇ. ಎರಡೂ ಸರ್ಟಿಫಿಕೇಟು ಒಂದೇ ಸರ್ಕಾರದ್ದು.

ಜಾಣರಾಗುವುದಕ್ಕೆ ರಸ್ತೆ ಅಗೆದರು. ವರ್ಷಗಟ್ಟಲೆ ಅಗೆದರು. ಒಳಚರಂಡಿಗೆ ಅಗೆದರು, ಕೇಬಲ್ಲಿಗೆ ಅಗೆದರು, ಮುಚ್ಚಿದ್ದನ್ನು ಮರೆತು ಮತ್ತೊಮ್ಮೆ ಅಗೆದರು. ಧೂಳು ಎದ್ದಿತು. ಎದ್ದ ಧೂಳನ್ನು ಕೂರಿಸಲು ಶುದ್ಧ ಗಾಳಿಯ ಹಣ. ಅಗೆಯಲು ಒಂದು ಯೋಜನೆ, ನೀರು ಚಿಮುಕಿಸಲು ಇನ್ನೊಂದು. ಎರಡಕ್ಕೂ ಬಿಲ್ಲು ಪಾಸಾಗುತ್ತದೆ.

ದೇಶದ ಲೆಕ್ಕವೂ ಇದೇ. ದೆಹಲಿಯ ಸಿ.ಎಸ್.ಇ. ಎಂಬ ಪರಿಸರ ಸಂಸ್ಥೆ 2024ರಲ್ಲಿ ಈ ಕಾರ್ಯಕ್ರಮದ ಖರ್ಚನ್ನು ಬಿಡಿಸಿ ನೋಡಿತು. ಶೇ. 64ರಷ್ಟು ಹಣ ಹೋಗಿದ್ದು ರಸ್ತೆಯ ಧೂಳಿಗೆ: ಡಾಂಬರು, ಗುಂಡಿ ಮುಚ್ಚುವುದು, ಗುಡಿಸುವ ಯಂತ್ರ, ನೀರಿನ ಲಾರಿ. ಕಾರ್ಖಾನೆಗಳ ಹೊಗೆಗೆ ಸಿಕ್ಕಿದ್ದು ಶೇ. 0.61. ಒಂದೂ ತುಂಬಲಿಲ್ಲ. ಧೂಳು ಗುತ್ತಿಗೆದಾರನಿಗೆ ಕೆಲಸ ಕೊಡುತ್ತದೆ. ಚಿಮಣಿ ಯಾರಿಗೆ ಏನು ಕೊಡುತ್ತದೆ ಎಂಬುದನ್ನು ನಾನು ಬರೆಯಬೇಕಿಲ್ಲ.

ಇನ್ನು ಅಳತೆಯ ಚಂದ ನೋಡಿ. ದೇಶದಲ್ಲಿ ಕೈಯಿಂದ ನಡೆಸುವ ಮಾಪನ ಕೇಂದ್ರಗಳ ನಿಯಮ ಇಷ್ಟು: ವಾರಕ್ಕೆ ಎರಡು ದಿನ ಗಾಳಿ ಹಿಡಿಯಬೇಕು, ವರ್ಷಕ್ಕೆ 104 ದಿನ. ಉಳಿದ 261 ದಿನ ನಾವು ಉಸಿರಾಡಿದ್ದು ಖಾಸಗಿ ವಿಷಯ. ದಿನವಿಡೀ ಅಳೆಯುವ ಸ್ವಯಂಚಾಲಿತ ಯಂತ್ರ ದೇವರಾಜ ಅರಸು ಬಡಾವಣೆಯಲ್ಲಿದೆ. ಅದರಿಂದ ಗಾಳಿಯ ಗುಣಮಟ್ಟದ ಸೂಚ್ಯಂಕ ತೆಗೆಯಲು 24 ಗಂಟೆಯಲ್ಲಿ 16 ಗಂಟೆಯ ಅಂಕಿ ಸಿಕ್ಕರೆ ಸಾಕು. ಎಂಟು ಗಂಟೆ ಕಣ್ಣು ಮುಚ್ಚಿದರೂ ಆ ದಿನ ಊರಿನ ಗಾಳಿಗೆ ಒಂದು ಬಣ್ಣ ಸಿಗುತ್ತದೆ. ಹಸಿರು, ಹಳದಿ, ಕಿತ್ತಳೆ. ಹಳೇ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಪಕ್ಕ ಮಲಗುವ ಮಗುವಿಗೂ ಅದೇ ಬಣ್ಣ. ಎ.ಸಿ. ಹಾಕಿಕೊಂಡು ಮಲಗುವ ಎಂ.ಸಿ.ಸಿ. ಬಡಾವಣೆಯ ನಮಗೂ ಅದೇ ಬಣ್ಣ. ಸಮಾನತೆ ಎಂದರೆ ಇದು.

ಭಟ್ಟಿಗಳಲ್ಲಿ ಹಳೇ ಟೈರು ಉರಿಸುತ್ತಾರೆ ಎಂಬ ದೂರು ಈ ಊರಿಗೆ ಹೊಸದಲ್ಲ. ದೂರು ಬಂದಾಗ ದಾಳಿ. ದಾಳಿಯಾದಾಗ ಫೋಟೊ. ಫೋಟೊ ಆದ ಮೇಲೆ ಮತ್ತೆ ಹೊಗೆ. ಎಲ್ಲರಿಗೂ ಮಂಡಕ್ಕಿ ಬೇಕು, ಮಿರ್ಚಿಯ ಜೊತೆ ಬೇಕು, ಅಗ್ಗಕ್ಕೆ ಬೇಕು. ಅಗ್ಗದ ಮಂಡಕ್ಕಿಯ ಉಳಿದ ಬೆಲೆಯನ್ನು ಯಾರ ಶ್ವಾಸಕೋಶ ಕಟ್ಟುತ್ತಿದೆ ಎಂದು ಕೇಳಿದರೆ ಬಾಯಲ್ಲಿ ಮಿರ್ಚಿ ಇರುತ್ತದೆ, ಉತ್ತರ ಹೊರಡುವುದಿಲ್ಲ.

ನಮ್ಮ ಬಡಾವಣೆಯವರೇನು ಕಡಿಮೆಯೇ? ಬೆಳಗ್ಗೆ ಕುಂದುವಾಡ ಕೆರೆಗೆ ಶುದ್ಧ ಗಾಳಿ ಕುಡಿಯಲು ಹೋಗುತ್ತೇವೆ. ನಡೆಯುವುದಕ್ಕಾಗಿ ಕಾರಿನಲ್ಲಿ ಹೋಗುತ್ತೇವೆ. ಮನೆಗೆ ಬಂದು, ಗುಡಿಸಿ ಗುಡ್ಡೆ ಹಾಕಿದ ಎಲೆಗೆ ಕಡ್ಡಿ ಗೀರುತ್ತೇವೆ. ಎಲೆಯ ಜೊತೆಗೆ ಎರಡು ಹಾಲಿನ ಪ್ಯಾಕೆಟ್ಟು ಹೋದರೆ ಏನಾಯಿತು? ಆಮೇಲೆ ವಾಟ್ಸಾಪಿನಲ್ಲಿ ದೆಹಲಿಯ ಹೊಗೆಯ ವಿಡಿಯೊ ಹಂಚಿ, ಪಾಪ ಎನ್ನುತ್ತೇವೆ.

ಇದೆಲ್ಲ ಪ್ರತ್ಯೇಕ ಪಾಪಗಳು. ಇವುಗಳ ಮೇಲೆ ಕೂತ ಮಹಾಪಾಪ ಬೇರೆ.

ವಾಯುಮಾಲಿನ್ಯದಿಂದ ಎಷ್ಟು ಜನ ಸತ್ತರು ಎಂದು ಸಂಸತ್ತಿನಲ್ಲಿ ಆಗಾಗ ಯಾರಾದರೂ ಕೇಳುತ್ತಾರೆ. ಉತ್ತರ ವರ್ಷಗಳಿಂದ ಬದಲಾಗಿಲ್ಲ: ಸಾವಿಗೂ ರೋಗಕ್ಕೂ ಗಾಳಿಯೊಂದೇ ನೇರ ಕಾರಣ ಎಂದು ತೋರಿಸುವ ನಿರ್ಣಾಯಕ ದತ್ತಾಂಶ ದೇಶದಲ್ಲಿ ಲಭ್ಯವಿಲ್ಲ. ಸಚಿವರು ಬದಲಾದರು, ಪಕ್ಷಿ ಒಂದೇ ಹಾಡು ಹಾಡಿತು. ದತ್ತಾಂಶ ಲಭ್ಯವಿಲ್ಲ, ಸರಿ. ಲಭ್ಯವಾಗಿಸಬೇಕಾದವರು ಯಾರು? ನನ್ನ ಹೆಂಡತಿಯೇ?

ಸಂಬಂಧ ತೋರಿಸಬೇಕಾದರೆ ಮೊದಲು ಸಾವಿಗೆ ಕಾರಣ ಬರೆಯಬೇಕು. 2020ರಲ್ಲಿ ದೇಶದ ನೋಂದಾಯಿತ ಸಾವುಗಳಲ್ಲಿ ವೈದ್ಯರು ಕಾರಣ ಬರೆದು ದೃಢೀಕರಿಸಿದ್ದು ಶೇ. 22.5. ಉಳಿದವರು ಸುಮ್ಮನೆ ಸತ್ತರು. ಕಾರಣ ಬರೆದಲ್ಲೂ ಎಷ್ಟೋ ಕಡೆ ಒಂದೇ ಮಾತು: ಹೃದಯ ಮತ್ತು ಉಸಿರಾಟ ನಿಂತು ಸಾವು. ಹಾಗೆ ಬರೆಯಬಾರದು ಎಂದು ಫಾರಂನ ಸೂಚನೆಯಲ್ಲೇ ಇದೆ. ಉಸಿರು ನಿಂತಿದ್ದಕ್ಕೇ ಅಲ್ಲವೇ ಮಹಾರಾಯರೆ, ಸರ್ಟಿಫಿಕೇಟು ಕೇಳಿದ್ದು? ಯಾಕೆ ನಿಂತಿತು ಎಂಬುದು ಪ್ರಶ್ನೆ.

ಇದು ಆಗದ ಕೆಲಸವೇನಲ್ಲ. ಅಮೆರಿಕದಲ್ಲಿ ಹಾರ್ವರ್ಡಿನವರು 1970ರ ದಶಕದ ನಡುವಿನಲ್ಲಿ ಆರು ಊರು ಆರಿಸಿಕೊಂಡರು. ನ್ಯೂಯಾರ್ಕಲ್ಲ, ಲಾಸ್ ಏಂಜಲೀಸಲ್ಲ. ಸ್ಟೂಬೆನ್‌ವಿಲ್, ಪೋರ್ಟೇಜ್, ಟೊಪೀಕದಂಥ ಊರುಗಳು. ಹರಿಹರದಂಥವು ಎನ್ನಿ. 8,111 ಜನರ ಹೆಸರು ಬರೆದುಕೊಂಡು, ಹದಿನಾಲ್ಕರಿಂದ ಹದಿನಾರು ವರ್ಷ ಬೆನ್ನು ಬಿಡಲಿಲ್ಲ. ಒಂದು ಕಡೆ ಆ ಊರಿನ ಗಾಳಿ, ಇನ್ನೊಂದು ಕಡೆ ಆ ಜನರ ಸಾವು. ಸಿಗರೇಟು, ವಯಸ್ಸು, ಕೆಲಸ, ತೂಕ ಎಲ್ಲವನ್ನೂ ಲೆಕ್ಕದಿಂದ ಕಳೆದರು. 1993ರಲ್ಲಿ ಉತ್ತರ ಬಂತು: ಅತಿ ಕೊಳಕು ಗಾಳಿಯ ಊರಿನಲ್ಲಿ ಸಾವಿನ ಪ್ರಮಾಣ ಅತಿ ಶುದ್ಧ ಗಾಳಿಯ ಊರಿಗಿಂತ ಶೇ. 26ರಷ್ಟು ಹೆಚ್ಚು.

ಅಲ್ಲಿನ ಕೈಗಾರಿಕೆಯವರಿಗೆ ಸಿಟ್ಟು ಬಂತು. ಮೂಲ ದತ್ತಾಂಶ ಕೊಡಿ ಎಂದು ಕೂಗಿದರು. ಆ ಜನರ ಗುಟ್ಟು ಕಾಪಾಡಬೇಕಲ್ಲ ಎಂದು ವಿಜ್ಞಾನಿಗಳು ಅಂದರು. ಕೊನೆಗೆ ಮೂರನೆಯ ಸಂಸ್ಥೆಯೊಂದಕ್ಕೆ ಪೂರ್ತಿ ಗಂಟನ್ನು ಬಿಚ್ಚಿ ಕೊಟ್ಟರು. ಅವರು ಮೊದಲಿನಿಂದ ಲೆಕ್ಕ ಮಾಡಿದರು. 2000ದಲ್ಲಿ ಹೇಳಿದರು: ಸರಿಯಾಗಿದೆ.

ನಮ್ಮಲ್ಲಿ ಆ ಜಗಳದ ಭಾಗ್ಯವೂ ಇಲ್ಲ. ದತ್ತಾಂಶ ಕೊಡಿ ಎಂದು ಕೂಗಬೇಕಾದರೆ ಯಾರ ಬಳಿಯಾದರೂ ಅದು ಇರಬೇಕು.

ಹರಿಹರಕ್ಕೆ ಬನ್ನಿ. ದೂರವೇನಲ್ಲ, ಸುಮಾರು ಹದಿನೈದು ಕಿಲೋಮೀಟರು. ರೈಲಿನಲ್ಲಿ ನಿದ್ದೆ ಹೋದವರಿಗೂ ಹರಿಹರ ಬಂದದ್ದು ಮೂಗಿನಿಂದ ತಿಳಿಯುತ್ತಿತ್ತು. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ಗ್ರಾಸಿಮ್ ಕಂಪನಿಯ ಕಾರ್ಖಾನೆ ಇದೆ. ಹೆಸರು ಹರಿಹರ ಪಾಲಿಫೈಬರ್ಸ್. ಮರದಿಂದ ತಿರುಳು, ತಿರುಳಿನಿಂದ ನೂಲಿನ ಎಳೆ. ಹೆಸರು ಹರಿಹರದ್ದು, ವಾಸನೆ ಹರಿಹರಕ್ಕೆ, ವಿಳಾಸ ಮಾತ್ರ ರಾಣೆಬೆನ್ನೂರು ತಾಲೂಕು.

1984ರಲ್ಲಿ ಹೊಳೆಯಲ್ಲಿ ಮೀನು ಸತ್ತು ತೇಲಿದವು. ಭೋಪಾಲದಲ್ಲಿ ಮನುಷ್ಯರು ಸತ್ತ ವರ್ಷವೇ ಅದು. ದಡದ ಹಳ್ಳಿಗಳವರು ಎದ್ದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರ ಜೊತೆ ನಿಂತಿತು. ಸಹಿ ಸಂಗ್ರಹ, ಮೆರವಣಿಗೆ, ಮನವಿ, ಕೋರ್ಟು ಎಲ್ಲ ಆಯಿತು. ಅದೇ ಕಾರ್ಖಾನೆಗೆ ನೀಲಗಿರಿ ಬೆಳೆದು ಕೊಡಲು ಸರ್ಕಾರ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಕಟ್ಟಿ ಹಳ್ಳಿಗಳ ಗೋಮಾಳಕ್ಕೆ ಕೈ ಹಾಕಿದಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಚಳವಳಿಯ ಹೆಸರೇ ಕಿತ್ತಿಕೋ ಹಚ್ಚಿಕೋ. 1991ರಲ್ಲಿ ಆ ಕಂಪನಿ ಬಾಗಿಲು ಹಾಕಿತು. ನೆಲದ ಜಗಳ ಜನ ಗೆದ್ದರು. ನೆಲ ಕಣ್ಣಿಗೆ ಕಾಣುತ್ತದೆ, ಎಕರೆ ಲೆಕ್ಕದಲ್ಲಿ ಪಹಣಿ ಇರುತ್ತದೆ.

ದೇಹಕ್ಕೆ ಪಹಣಿ ಇಲ್ಲ. ನಾಲ್ಕು ದಶಕದಲ್ಲಿ ಆ ನೀರು ಮಿಂದವರ ಚರ್ಮಕ್ಕೆ, ಆ ಗಾಳಿ ಕುಡಿದವರ ಎದೆಗೆ ಏನಾಯಿತು ಎಂಬುದರ ದಾಖಲೆಯನ್ನು ವರ್ಷ ವರ್ಷವೂ ಬರೆದು ಎರಡೂ ದಡದವರ ಮುಂದೆ ಇಟ್ಟಿದ್ದರೆ ಇಂದು ವಾದವೇ ಬೇಕಿರಲಿಲ್ಲ. ವಿಸ್ಕೋಸ್ ಎಳೆ ತೆಗೆಯಲು ಕಾರ್ಬನ್ ಡೈಸಲ್ಫೈಡ್ ಬೇಕು. ಅದು ನರವನ್ನೂ ಬುದ್ಧಿಯನ್ನೂ ಕೆಡಿಸುತ್ತದೆ ಎಂದು ಪ್ಯಾರಿಸ್ಸಿನ ವೈದ್ಯ ಡೆಲ್ಪೆಕ್ 1856ರಲ್ಲಿ ಬರೆದ. ಹೃದಯಕ್ಕೂ ಕೆಡುಕು ಎಂದು ಬ್ರಿಟನ್ನಿನ ರೇಯಾನ್ ಕಾರ್ಮಿಕರ ಸಾವಿನ ಪಟ್ಟಿ ಇಟ್ಟುಕೊಂಡು 1968ರಲ್ಲಿ ಹೇಳಿದರು. ಪಟ್ಟಿ ಇತ್ತು, ಹೇಳಿದರು.

ಹೊಳೆ ಇಲ್ಲಿ ಗಡಿ. 1997ರ ಆಗಸ್ಟಿನವರೆಗೆ ಆ ದಡ ಧಾರವಾಡ ಜಿಲ್ಲೆ, ಈ ದಡ ಚಿತ್ರದುರ್ಗ. ಆಮೇಲೆ ಆ ದಡ ಹಾವೇರಿ, ಈ ದಡ ದಾವಣಗೆರೆ. ಕಾರ್ಖಾನೆಯ ಪಿನ್ ಕೋಡು 581123. ಹರಿಹರದ್ದು 577601. ಗಾಳಿ ಪಿನ್ ಕೋಡು ಓದದೆ ಹೊಳೆ ದಾಟುತ್ತದೆ. ಕಡತ ದಾಟುವುದಿಲ್ಲ. ಚಿಮಣಿ ಒಂದು ಜಿಲ್ಲೆಯ ವರದಿಯಲ್ಲಿ, ಕೆಮ್ಮು ಇನ್ನೊಂದು ಜಿಲ್ಲೆಯ ವರದಿಯಲ್ಲಿ. ಎರಡೂ ಜಿಲ್ಲೆಗಳು ತಮ್ಮ ತಮ್ಮ ಮಟ್ಟಿಗೆ ನಿರ್ದೋಷಿ.

ಈಗ ತಂತ್ರಜ್ಞಾನ ಬಂದಿದೆ. 2014ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಆದೇಶಿಸಿತು: ಹೆಚ್ಚು ಮಾಲಿನ್ಯದ 17 ಬಗೆಯ ಕಾರ್ಖಾನೆಗಳು ಚಿಮಣಿಗೂ ಚರಂಡಿಗೂ ಸದಾ ಅಳೆಯುವ ಯಂತ್ರ ಹಾಕಬೇಕು, ಅಂಕಿ ನೇರ ಮಂಡಳಿಯ ಸರ್ವರಿಗೆ ಹೋಗಬೇಕು. ಕಾಗದದ ತಿರುಳಿನವರೂ ಆ ಪಟ್ಟಿಯಲ್ಲಿದ್ದಾರೆ. ಯಂತ್ರ ಕೊಳ್ಳುವವರು ಕಾರ್ಖಾನೆಯವರು. ಕೂರಿಸುವವರು ಅವರು. ಸರ್ವೀಸು ಮಾಡಿಸುವವರೂ ಅವರೇ. ವಿದ್ಯಾರ್ಥಿ ತಾನೇ ಥರ್ಮಾಮೀಟರು ಇಟ್ಟುಕೊಂಡು ತನಗೆ ಜ್ವರವಿಲ್ಲ ಎಂದು ರಿಪೋರ್ಟು ಕಳಿಸುವ ಪದ್ಧತಿಯನ್ನು ಯಾವ ಶಾಲೆಯೂ ಒಪ್ಪುವುದಿಲ್ಲ. ದೇಶ ಒಪ್ಪಿದೆ.

ಜಿಲ್ಲೆಯ ಇನ್ನೊಂದು ತುದಿಯ ಕತೆ ಇದಕ್ಕಿಂತ ತಮಾಷೆಯಾಗಿದೆ. ಜಗಳೂರು, ಹರಪನಹಳ್ಳಿ ಕಡೆಯ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡು. ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5. ನೀರು ಪರೀಕ್ಷಿಸುವ ಇಲಾಖೆ ಬೋರ್‌ವೆಲ್ಲಿನ ನಂಬರು ಬರೆದುಕೊಳ್ಳುತ್ತದೆ. ಹಲ್ಲು ನೋಡುವ ಇಲಾಖೆ ಮಗುವಿನ ತರಗತಿ ಬರೆದುಕೊಳ್ಳುತ್ತದೆ. ಯಾವ ಮಗು ಯಾವ ಬೋರ್‌ವೆಲ್ಲಿನ ನೀರು ಕುಡಿಯಿತು? ಅದು ಎರಡೂ ಫಾರಂಗಳಲ್ಲಿ ಕಾಲಂ ಸಿಗದ ಪ್ರಶ್ನೆ.

ಇದರ ಮಧ್ಯೆ ಹರಪನಹಳ್ಳಿ ಎಂಬ ತಾಲೂಕು ಪ್ರವಾಸ ಹೊರಟಿತು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ. ಎರಡು ದಶಕದ ಮೇಲೆ ತಿರುಗಿ ಬಳ್ಳಾರಿಗೆ. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ. ಅಲ್ಲಿನ ಫ್ಲೋರೈಡು ಒಂದು ಅಡಿಯೂ ಕದಲಲಿಲ್ಲ. ಕಡತಗಳು ಮಾತ್ರ ಲಾರಿ ಹತ್ತಿ ಇಳಿದು ಹತ್ತಿ ಇಳಿದು ಸುಸ್ತಾದವು. ಜಿಲ್ಲಾವಾರು ಅಂಕಿಅಂಶ ನೋಡಿ, ದಾವಣಗೆರೆಯಲ್ಲಿ ಫ್ಲೋರೈಡ್ ಪೀಡಿತ ಹಳ್ಳಿಗಳು ಇಳಿದಿವೆ ಎಂದು ಯಾರಾದರೂ ಶಹಬ್ಬಾಸ್ ಅಂದರೆ ಆಶ್ಚರ್ಯಪಡಬೇಡಿ. ಹಳ್ಳಿಗಳೇ ಹೊರಟು ಹೋದವಲ್ಲ!

ಅಂಕಿ ಇದ್ದರೆ ಸಾಕೇ ಎಂದರೆ, ಅದಕ್ಕೂ ಉದಾಹರಣೆ ಕನ್ನಡ ನಾಡಿನ ಅಂಚಿನಲ್ಲೇ ಇದೆ. ಕಾಸರಗೋಡಿನ ಪಡ್ರೆ. ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ರೋಗಿಗಳ ಚೀಟಿಗಳನ್ನು ಎದುರಿಗಿಟ್ಟುಕೊಂಡು ನೋಡಿದರು. ಪತ್ರಕರ್ತ ಶ್ರೀಪಡ್ರೆ ಬರೆದರು. 2001ರಲ್ಲಿ ಸಿ.ಎಸ್.ಇ. ಪ್ರಯೋಗಾಲಯ ರಕ್ತದಲ್ಲಿ ವಿಷ ಇದೆ ಎಂದಿತು. ಆ ತೋಟಗಳನ್ನು ನಡೆಸುತ್ತಿದ್ದ ನಿಗಮ ಕರೆಸಿದ ತಮಿಳುನಾಡಿನ ಪ್ರಯೋಗಾಲಯಕ್ಕೆ ರಕ್ತದಲ್ಲಿ ಏನೂ ಸಿಗಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಮಕ್ಕಳನ್ನು ಪಕ್ಕದ ಊರಿನ ಮಕ್ಕಳೊಡನೆ ಹೋಲಿಸಿ, ಹೌದು ಎಂದಿತು. ಮತ್ತೊಂದು ಸಮಿತಿ ಕೂತು, ಅಲ್ಲ ಎಂದಿತು. ರಕ್ತ ಒಂದೇ. ಖರ್ಚು ಕೊಟ್ಟವರು ಬೇರೆ ಬೇರೆ. ಸುಪ್ರೀಂ ಕೋರ್ಟು ತಡೆ ಹಾಕುವ ಹೊತ್ತಿಗೆ 2011ರ ಮೇ ಬಂದಿತ್ತು.

ಮೂಲ ಅಂಕಿಗಳು ಮೊದಲ ದಿನದಿಂದ ಎಲ್ಲರ ಮುಂದೆ ಇದ್ದಿದ್ದರೆ ಅಷ್ಟು ಸಮಿತಿಗಳಿಗೆ ಟಿ.ಎ., ಡಿ.ಎ. ಉಳಿಯುತ್ತಿತ್ತು. ಮಕ್ಕಳೂ ಉಳಿಯುತ್ತಿದ್ದರೇನೋ.

ನಮ್ಮ ಊರಿಗೆ ಬಡತನದ ನೆಪ ಇಲ್ಲ. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಿಂದ ಇದೆ. ಇನ್ನೊಂದು ವೈದ್ಯಕೀಯ ಕಾಲೇಜು ಇದೆ. ಇಂಜಿನಿಯರಿಂಗ್ ಕಾಲೇಜುಗಳಿವೆ. ತೋಳಹುಣಸೆಯಲ್ಲಿ ವಿಶ್ವವಿದ್ಯಾನಿಲಯವಿದೆ. ಎಂ.ಡಿ. ಮಾಡುವ ಪ್ರತಿ ವಿದ್ಯಾರ್ಥಿಯೂ ಪ್ರಬಂಧ ಬರೆಯಲೇಬೇಕು. ರಾಜ್ಯದ ಯಾವ ವೈದ್ಯಕೀಯ ಕಾಲೇಜಿನ ಲೈಬ್ರರಿಗೆ ಹೋದರೂ ಕಪ್ಪು ರಟ್ಟಿನ ಮೇಲೆ ಚಿನ್ನದ ಅಕ್ಷರದ ಆ ಪ್ರಬಂಧಗಳು ಸಾಲಾಗಿ ನಿಂತಿರುತ್ತವೆ. ಮಕ್ಕಳ ಉಬ್ಬಸ, ನೇಕಾರನ ಶ್ವಾಸಕೋಶ, ಗರ್ಭಿಣಿಯ ರಕ್ತಹೀನತೆ. ನೂರು ರೋಗಿ, ಇನ್ನೂರು ರೋಗಿ. ಮೂಲ ಪಟ್ಟಿ ಎಲ್ಲಿ ಎಂದರೆ ಬರೆದವರ ಹಳೆಯ ಲ್ಯಾಪ್‌ಟಾಪಿನಲ್ಲಿ. ಬರೆದವರು ಎಲ್ಲಿ ಎಂದರೆ ದುಬೈಯಲ್ಲಿ. ಮುಂದಿನ ಬ್ಯಾಚಿನವರು ಅದೇ ನೂರು ರೋಗಿಗಳನ್ನು ಹೊಸದಾಗಿ ಹುಡುಕುತ್ತಾರೆ.

2016ರಲ್ಲಿ ಜಗತ್ತಿನ ವಿಜ್ಞಾನಿಗಳು ದತ್ತಾಂಶಕ್ಕೆ ಒಂದು ಶಿಸ್ತು ಬರೆದರು: ಹುಡುಕಿದರೆ ಸಿಗಬೇಕು, ಸಿಕ್ಕರೆ ತೆರೆಯಬೇಕು, ಬೇರೆಯದರ ಜೊತೆ ಕೂಡಬೇಕು, ಇನ್ನೊಬ್ಬರ ಕೆಲಸಕ್ಕೂ ಬರಬೇಕು. ನಾವು ಅವರಿಗಿಂತ ನಾಲ್ಕು ವರ್ಷ ಮೊದಲೇ, 2012ರಲ್ಲಿ, ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿ ಹೊರಡಿಸಿದ್ದೆವು. ಆ ಪ್ರಕಾರ ಹಂಚುತ್ತಲೂ ಇದ್ದೇವೆ. ಮುದ್ರಿಸಿ, ಸಹಿ ಹಾಕಿ, ಸೀಲು ಒತ್ತಿ, ಓರೆಯಾಗಿ ಸ್ಕ್ಯಾನ್ ಮಾಡಿ, ಪಿ.ಡಿ.ಎಫ್. ಹಾಕುತ್ತೇವೆ. ಕೂಡಿಸಲು ಬರುವುದಿಲ್ಲ, ಹುಡುಕಲು ಬರುವುದಿಲ್ಲ. ಗೋಡೆಗೆ ಅಂಟಿಸಬಹುದು.

ಮಾಹಿತಿ ಹಕ್ಕು ಇದೆಯಲ್ಲ ಎನ್ನುತ್ತೀರಿ. ಒಂದು ಕಚೇರಿಗೆ ಅರ್ಜಿ ಹಾಕಿದ್ದೆ. ಗಾಳಿಯ ದಿನವಹಿ ಅಂಕಿ, ಜೊತೆಗೆ ಅದೇ ದಿನಗಳ ಉಸಿರಾಟದ ರೋಗಿಗಳ ಸಂಖ್ಯೆ.

"ಎರಡೂ ಒಟ್ಟಿಗೆ ಯಾಕೆ ಬೇಕು ಸಾರ್?" ಎಂದರು.

"ಸಂಬಂಧ ಇದೆಯೋ ಅಂತ ನೋಡೋಣ ಅಂತ."

"ಸಂಬಂಧ ನೋಡೋದು ನಮ್ಮ ವ್ಯಾಪ್ತಿಗೆ ಬರಲ್ಲ ಸಾರ್. ಬೇರೆ ಬೇರೆ ಅರ್ಜಿ ಹಾಕ್ರಿ, ಬೇರೆ ಬೇರೆ ಆಫೀಸಿಗೆ."

ಅವರ ಮಾತಿಗೆ ಕಾನೂನಿನ ಬಲವೂ ಇದೆ. ಇರುವ ಮಾಹಿತಿ ಕೊಡಬೇಕು, ಇಲ್ಲದ್ದನ್ನು ಒಟ್ಟುಗೂಡಿಸಿ ತಯಾರಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಈಗ ಚಕ್ರ ಪೂರ್ತಿಯಾಯಿತು ನೋಡಿ. ಕೂಡಿಸದ ಕಾರಣ ಮಾಹಿತಿ ಇಲ್ಲ. ಇಲ್ಲದ ಕಾರಣ ಕೊಡಬೇಕಿಲ್ಲ. ಯಾರೂ ಕೊಡದ ಕಾರಣ ಸಂಸತ್ತಿನಲ್ಲಿ ನಿರ್ಣಾಯಕ ದತ್ತಾಂಶ ಲಭ್ಯವಿಲ್ಲ. ಲಭ್ಯವಿಲ್ಲದ ಕಾರಣ ಯಾರೂ ಸತ್ತಿಲ್ಲ. ಇದನ್ನು ಅಸಡ್ಡೆ ಎನ್ನುವವರು ಅಮಾಯಕರು. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಅಸಡ್ಡೆಯಿಂದ ಹುಟ್ಟುವುದಿಲ್ಲ.

ಬೇಕಾಗಿರುವುದು ಏನು? ಉಪಗ್ರಹವಲ್ಲ. ಒ.ಪಿ.ಡಿ. ಚೀಟಿಯಲ್ಲಿ ಎರಡು ಕಾಲಂ: ತಾರೀಖು, ಪಿನ್ ಕೋಡು. ತಾರೀಖು ಹೇಗೂ ಇದೆ. ನಮ್ಮ ಬಡಾವಣೆಗೆ 577004. ಆರು ಅಂಕಿ. ಹೆಸರು ಬೇಡ, ಜಾತಿ ಬೇಡ, ಆಧಾರ್ ಬೇಡ. ಯಾರ ಗುಟ್ಟೂ ರಟ್ಟಾಗುವುದಿಲ್ಲ. ಆ ಆರು ಅಂಕಿಯನ್ನು ಗಾಳಿಯ ಅಂಕಿಯ ಪಕ್ಕ ಇಟ್ಟರೆ ಬಿ.ಎಸ್ಸಿ. ಹುಡುಗಿಯೊಬ್ಬಳು ಒಂದು ಮಧ್ಯಾಹ್ನದಲ್ಲಿ ಗ್ರಾಫು ಎಳೆಯುತ್ತಾಳೆ. ಭಯ ಇರುವುದು ಆ ಗ್ರಾಫಿನದೇ.

ಇದು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಎದೆ ತಟ್ಟಿಕೊಂಡ ಊರು. ಅಸಲಿ ಮ್ಯಾಂಚೆಸ್ಟರಿನ ಸುತ್ತಮುತ್ತಲ ಗಿರಣಿಗಳಲ್ಲಿ ಹತ್ತಿ ಧೂಳು ನುಂಗಿ ಎದೆ ಕಟ್ಟಿದವರಿಗೆ ಬ್ರಿಟನ್ 1940ರ ದಶಕದಲ್ಲೇ ಪರಿಹಾರದ ಯೋಜನೆ ಮಾಡಿತು. ನಮ್ಮ ಗಿರಣಿಗಳು ಮುಚ್ಚಿದವು. ಸೈರನ್ನು ನೆನಪಿದೆ ಎಂದು ಹಳಬರು ಭಾವುಕರಾಗುತ್ತಾರೆ. ಕೆಮ್ಮು ನೆನಪಿಟ್ಟುಕೊಂಡವರು ಅವರವರ ಮನೆಯವರು.

ಹಾಗೆಂದು ಈ ಊರಿನಲ್ಲಿ ಧೂಳಿಗೂ ದಮ್ಮಿಗೂ ಸಂಬಂಧ ಕಂಡವರೇ ಇಲ್ಲ ಎನ್ನಲಾಗದು. ಡಾಕ್ಟರು ಚೀಟಿಯ ಕೆಳಗೆ ಗೀಚುತ್ತಾರೆ: ಧೂಳಿನಿಂದ ದೂರವಿರಿ. ಸರ್ಕಾರಕ್ಕೆ ಗೊತ್ತಾಗದ್ದು ಅವರಿಗೆ ಗೊತ್ತಿದೆ. ಆ ಚೀಟಿ ಮೆಡಿಕಲ್ ಶಾಪಿಗೆ ಹೋಗುತ್ತದೆ. ಅಂಗಡಿಯವನ ಹತ್ತಿರ ತಿಂಗಳುವಾರು ಲೆಕ್ಕ ಇದೆ: ಯಾವ ಏರಿಯಾಕ್ಕೆ ಎಷ್ಟು ಇನ್‌ಹೇಲರು, ಚಳಿ ಹಿಡಿದ ಮೇಲೆ ಎಷ್ಟು ಹೆಚ್ಚು, ರಸ್ತೆ ಅಗೆದ ತಿಂಗಳು ಎಷ್ಟು ಹೆಚ್ಚು. ಕಂಪನಿಗಳು ಆ ಅಂಕಿಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತವೆ, ಕೂಡಿಸುತ್ತವೆ, ಮುಂದಿನ ಚಳಿಗಾಲಕ್ಕೆ ಮಾಲು ಮೊದಲೇ ಇಳಿಸುತ್ತವೆ. ಅದು ನಿರ್ಣಾಯಕ ದತ್ತಾಂಶವಲ್ಲ ಎಂದು ಇದುವರೆಗೆ ಯಾವ ಸೇಲ್ಸ್ ಮ್ಯಾನೇಜರೂ ಹೇಳಿಲ್ಲ.